ಎಡಕ್ಕ ಹೊರಳು

ಬೀದರದ ಸ್ಟೇಡಿಯಂದಾಗ ಹನ್ನೊಂದು ವರ್ಷ
ಸುಣ್ಣದ ಗೆರಿ ಎಳದಂವ ನಾ, ದಸ್ತಗೀರ.
ಕೆಂಪು ಮಣ್ಣು, ಬಿಳಿ ಗೆರಿ. ಗಾಳಿ ಬಂತಂದ್ರ
ಒಂದರ ಲೇನು ಹೋಗಿ ಎರಡರಾಗ ಕೂಡತಿತ್ತು.
ಈಗ ದವಾಖಾನಿಯಾಗ ಸ್ಟ್ರೆಚರ್ ದೂಡ್ತೀನಿ.
ಎರಡೂ ಕಡಿ ಓಡೋರು ಬ್ಯಾರೆ,
ಬಗ್ಗಾಂವ ನಾನೇ.

ಝರಣಮ್ಮ ಮೇತ್ರೆ ಆವಾಗ ಹದಿನಾರರ ಹುಡುಗಿ,
ನೌಬಾದದಿಂದ ಸೈಕಲ್ ಮ್ಯಾಲ ಬರಾಕಿ.
ಅಣ್ಣನ ಬೂಟು, ತುದಿಯಾಗ ಹತ್ತಿ ತುರುಕಿದ್ದು.
ಎಂಟನೂರು ಮೀಟರ್, ಎರಡು ಸುತ್ತು.
"ಮೊದಲನೇ ಸುತ್ತು ಕಾಲು ಓಡ್ತಾವ ಚಾಚಾ,
ಎರಡನೇದು ಉಸುರು ಓಡ್ತದ" ಅಂತಿದ್ಲು.
ಎರಡು ನಿಮಿಷ ಮೂರು ಸೆಕೆಂಡು:
ಸ್ಟೋರ್ ರೂಮಿನ ಗೋಡಿ ಮ್ಯಾಲ ಇದ್ದಲಿಲೆ ಬರದಿದ್ದೆ.
ಬಣ್ಣ ಹಚ್ಚೋ ಮಂದಿ ಅಳಿಸಿಬಿಟ್ರು.

ಸಮುದ್ರದಾಚಿ ಹೋಗಿ ಕಂಚು ತಂದ್ಲು.
ನಾನೂ ಕೈಯಾಗ ಹಿಡದು ನೋಡಿದೆ,
ನಮ್ಮ ಬಿದರಿ ಹೂಜಿಯ ಮುಚ್ಚಳದಷ್ಟೂ ತೂಕ ಇಲ್ಲ.
ಆಮ್ಯಾಲ ಒಂದಿನ ಬರಲಿಲ್ಲ.
ಕಾಲು ಮುರದಿತ್ತೇನು? ಇಲ್ಲ. ಮದಿವಿ? ಅದೂ ಇಲ್ಲ.
"ಇನ್ನರ್ಧ ಸೆಕೆಂಡು ಇಳಸ್ಲಿಕ್ಕ ನಾಕು ವರ್ಷ ಬೇಕು ಚಾಚಾ,
ನಾಕು ವರ್ಷದಾಗ ಮುಕ್ಕಾಲು ಡಾಕ್ಟರ್ ಆಗ್ತೀನಿ."
ಆ ಲೆಕ್ಕ ನಂಗ ಇನ್ನೂ ತಿಳದಿಲ್ಲ.

ಕ್ಲಾಸಿನ ಹುಡುಗ್ರು ಅಕ್ಕ ಅಂದ್ರಂತ.
ಔಷಧದ ಪೇಪರ್ ಎರಡು ಸಲ ಹೋಯ್ತಂತ.
ಎರಡನೇ ಸಲ ಹಾಸ್ಟೆಲಿನ ಹಿಂದ, ಕತ್ತಲಾಗ,
ವಾಂತಿ ಆಗೋತನಕ ಓಡಿ,
ಬಾಯಿ ತೊಳಕೊಂಡು ಬಂದು ಮತ್ತ ಪುಸ್ತಕ ತೆರದ್ಲಂತ.
ಇದು ಆಕಿ ಹೇಳಿದ್ದಲ್ಲ. ಆಕಿ ಅವ್ವ ಹೇಳಿದ್ದು, ಬೈಕೋತ.

ಈಗ ಆಕಿ ಅರಿವಳಿಕೆ ಡಾಕ್ಟರ್.
ಕೊಯ್ಯೋರು ಬ್ಯಾರೆ, ಮಲಗಸಾಕಿ ಈಕಿ.
ಕೊಯ್ದೋರ ಹೆಸರು ಊರ ತುಂಬ.
ಮಲಗಿಸಿದಾಕಿ ಯಾರಿಗಿ ನೆನಪು?
ಭಾಲ್ಕಿಯ ಮುದುಕ ಒಬ್ಬಾಂವ ಮೇಜಿನ ಮ್ಯಾಲಿಂದ ಕೇಳಿದ:
"ಬಾಯಿ, ನೀ ಆ ಓಡೋ ಹುಡುಗಿ ಅಲ್ಲೇನು?"
"ಆಕಿ ಬ್ಯಾರೆ ಅಜ್ಜ. ಹತ್ತರಿಂದ ಹಿಂದಕ್ಕ ಎಣಸು."
ಮುದುಕ ಏಳಕ್ಕ ಬಿದ್ದ.

ಮೊನ್ನಿ ರಾತ್ರಿ ಔರಾದದಿಂದ ಬಂದ ಬಸುರಿ,
ಹೊಟ್ಟಿ ತೆರದಾಗಿತ್ತು, ಕರೆಂಟ್ ಹೋಯ್ತು.
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯ್ತು.
ಉಸುರಿನ ಮಷೀನಿನ ಬ್ಯಾಟರಿ? ಅದು ಸತ್ತು
ಅರ್ಜಿ ಬರದು ಆರು ತಿಂಗಳಾಗಿತ್ತು.
ಟಾರ್ಚ್ ನನ್ನ ಕೈಯಾಗ. ಕೈ ನಡಗಲತ್ತಿತ್ತು, ಬೆಳಕೂ.
ಝರಣಮ್ಮ ರಬ್ಬರ್ ಚೀಲ ಹಿಡದ್ಲು, ಒತ್ತಿದ್ಲು.
ಬಿಟ್ಲು. ಒತ್ತಿದ್ಲು.
ನಮ್ಮ ನೌಬಾದದ ಸುರಂಗಬಾವಿಗಿ
ನೆಲದ ಮ್ಯಾಲ ಸಾಲಾಗಿ ಗಾಳಿಗಂಡಿ ಇರ್ತಾವಲ್ಲ,
ಆ ಹುಡುಗಿ ಬಾಯಾಗ ಅಂಥದೊಂದು ಕೊಳವಿ.
ಒಳಗ ಎಲ್ಲೋ ನೀರು ಹರೀಲತ್ತಿತ್ತು, ನಮಗ ಕಾಣ್ತಿರಲಿಲ್ಲ.

ಎರಡನೇ ಸುತ್ತಿನ ಆಚಿ ಬಾಜು, ಹುಣಸಿಗಿಡದ ಕಡಿ,
ಅಲ್ಲಿ ಎಲ್ಲಾ ಹುಡುಗ್ಯಾರೂ ಅವಸರ ಮಾಡ್ತಿದ್ರು.
ಈಕಿ ಮಾಡ್ತಿರಲಿಲ್ಲ.
ಸರ್ಜನ್ ಒದರಲತ್ತಿದ್ದ, ನರ್ಸು ದೇವರ ನೆನೀಲತ್ತಿದ್ಲು,
ಆಕಿ ಕೈ ಮಾತ್ರ ಹುಣಸಿಗಿಡ ದಾಟಲತ್ತಿತ್ತು,
ಅದೇ ಹೆಜ್ಜಿಯಾಗ.

ಲೈಟ್ ಬಂತು. ಕೂಸು ಯಾವಾಗ ಅತ್ತಿತೋ, ನಾ ಕೇಳಲಿಲ್ಲ.
"ಎಷ್ಟಾಯ್ತು ಚಾಚಾ?"
ಹಳೇ ಚಟ, ಗಡಿಯಾರ ನೋಡೇ ಇದ್ದೆ.
"ಎರಡು ನಿಮಿಷ ಹನ್ನೊಂದು."
ಮಾಸ್ಕಿನೊಳಗಿಂದ ಅಂದ್ಲು:
"ಸ್ಲೋ."

ಬೆಳಗಾ ಮುಂಜಾನಿ ಮನಿಗಿ ಹೊಂಟ್ಲು.
ಗಾಡಿ ನಿಂತಿರೋದು ಬಲಕ್ಕ, ಹತ್ತು ಹೆಜ್ಜಿ.
ಆಕಿ ದಿನಾ ಎಡಕ್ಕ ಹೊರಳ್ತಾಳ,
ಹೆರಿಗಿ ವಾರ್ಡು, ಎಲುಬಿನ ವಾರ್ಡು, ಔಷಧದ ಖೋಲಿ
ಎಲ್ಲಾ ಸುತ್ತು ಹಾಕಿ ಬರ್ತಾಳ,
ಮೂಲಿಯಾಗ ಗೋಡಿಗಿ ಹತ್ತಿ, ಭುಜ ಚೂರು ಒಳಗ ವಾಲಿಸಿ.
ಯಾಕಂತ ನಾ ಕೇಳಿಲ್ಲ.
ಫಿನಾಯಿಲ್ ಬಕೀಟು
ಒಂದರ ಲೇನಿನಿಂದ ಈಚಿ ಸರಸ್ತೀನಿ, ಅಷ್ಟೇ.