ಆರು, ಒಂಬತ್ತು

ಬಾಟಲಿ ಹೆಬ್ಬೆಟ್ಟಿನಷ್ಟ ಐತಿ.
ದಿನಕ್ಕ ಆರು ಸಲ, ಒಂದೊಂದ ಹನಿ.
ಮುಚ್ಚಳ ತಗದ ಮೂವತ್ತು ದಿನಕ್ಕ ಚೆಲ್ಲಬೇಕು,
ಉಳದಿದ್ದರೂ.
ಸ್ಟೇಶನ್ ರೋಡಿನ ಔಷಧ ಅಂಗಡಿ ಹುಡುಗ
ಚಿಲ್ಲರ ಎಣಿಸಿ ಕೊಡತಾನ: "ತಗೋರಿ ಕಾಕಾ, ನಿಮ್ಮ ಕಣ್ಣೀರು."
ಅವಂಗ ಅದು ಚೇಷ್ಟಿ. ಮೊದಮೊದಲ ನನಗೂ ನಗಿ ಬರತಿತ್ತು.

ನಲವತ್ತೊಂದು ವರ್ಷ ಕರಡು ತಿದ್ದೇನಿ
ಗದಗಿನ ಒಂದು ಛಾಪಖಾನಿಯೊಳಗ.
ಪಂಚಾಂಗ, ಹತ್ತನೇತ್ತೆ ಗೈಡು, ಸೊಸಾಯಿಟಿ ವರದಿ,
ಸತ್ತವರ ಹನ್ನೊಂದನೇ ದಿನದ ಕಾರ್ಡು.
ಒತ್ತು ತಪ್ಪಿದ ಅಕ್ಷರದ ಕಿವಿ ಹಿಂಡಿ ಕೂಡಸೇನಿ.
ಓದೂ ಮುಂದ ರೆಪ್ಪಿ ಬಡಿಯೂದ ಮರೀತೇನಿ,
ಕಸುಬಿನ ಚಟ ಅದು.

ಪೊರಿ ಬಂದದ್ದು ಗೊತ್ತಾಗಲಿಲ್ಲ.
ಜಗತ್ತು ಹಳೇ ಕಾಗದ ಆತು, ಅಷ್ಟ ಅನಕೊಂಡೆ.
ಆ ಬ್ಯಾಸಗಿಯೊಳಗ ದಾವಲಸಾಬ ಮಗಳ ಮದವಿ ಕಾರ್ಡು ತಂದ.
ಬೈಂಡಿಂಗ್ ಟೇಬಲ್ಲಿನ ದಾವಲಸಾಬ;
ಇಪ್ಪತ್ತಾರು ವರ್ಷ ಒಬ್ಬರ ಡಬ್ಬಿ ಒಬ್ಬರು ಉಂಡವರು.
"ನೀನ ನೋಡು. ಬ್ಯಾರೇದವರ ಕೈಗೆ ಕೊಡೂದಿಲ್ಲ" ಅಂದ.
ನಾನ ನೋಡಿದೆ.
ಮೇ ೧೬ ಇರಬೇಕಾದಲ್ಲಿ ೧೯ ಇತ್ತು.
ನಮ್ಮ ಆರು ಒಂಬತ್ತು ಒಂದ ಬಸಿರಿನವು,
ಬಾಲ ಅತ್ತಾಗೊಂದು, ಇತ್ತಾಗೊಂದು.

ಎಲ್ಲಾರಿಗೂ ಬಾಯಿಮಾತು ಮುಟ್ಟಿತು.
ಸವಣೂರಿನ ಸೋದರಮಾವಗ ಮುಟ್ಟಲಿಲ್ಲ. ಎಂಬತ್ತು ದಾಟಿದ ಕಿವುಡ,
ಛಾಪಿಸಿದ್ದನ್ನ ನಂಬಿದಾಂವ.
ಹತ್ತೊಂಬತ್ತಕ್ಕ ಬಂದಿಳದ, ಹೊಸಾ ಟೊಪಗಿ, ಕಂಕುಳಾಗ ತಾಮ್ರದ ಕೊಡ.
ಪೆಂಡಾಲದ ಕುಣಿಯೊಳಗ ಅಡ್ಡಮಳಿ ನೀರು ನಿಂತಿತ್ತು.
ದಾವಲಸಾಬ ನನ್ನ ಬೈಯಲಿಲ್ಲ.
ಮರುದಿನ ಡಬ್ಬಿ ತಗೊಂಡು ಹೋಗಿ
ಕಟಿಂಗ್ ಮಷೀನಿನ ಹಿಂದ ಉಂಡ.
ಎರಡು ವರ್ಷ, ಹಂಗ.

ಹುಬ್ಬಳ್ಳ್ಯಾಗ ಆಪರೇಶನ್ ಆತು, ಇಪ್ಪತ್ತು ನಿಮಿಷ.
ಪಟ್ಟಿ ಬಿಚ್ಚಿದ ದಿನ ಮನಿಗೆ ಬಂದು
ಕಪಾಟಿನಾಗಿಂದ ಮೊದಲ ತಗದದ್ದು ಆ ಕಾರ್ಡು.
ಬಾಲ ಸ್ಪಷ್ಟ ಕಾಣತಿತ್ತು,
ನಾಚಿಕಿ ಬರೂವಷ್ಟು.

ಆಮ್ಯಾಲ ಉಸುಕು.
ಮುಂಜಾನೆ ರೆಪ್ಪಿ ಎತ್ತಿದರ ತುಕ್ಕು ಹಿಡದ ಶಟರ್ ಎಳದಂಗ.
ಡಾಕ್ಟರಬಾಯಿ ಬಿಡಿಸಿ ಹೇಳಿದಳು:
ಕೊಯ್ಯೂ ಮುಂದ ಕಣ್ಣಿನ ಮ್ಯಾಲಿನ ಸಣ್ಣ ನರ ಹರೀತಾವು,
ಒಣಗೇನಿ ಅನ್ನೂ ಸುದ್ದಿ ಒಳಗ ಮುಟ್ಟೂದಿಲ್ಲ;
ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ಮತ್ತೂ ಹೆಚ್ಚು.
ಗಾಳಿ ಬಡದರ ಒಮ್ಮೆಲೆ ಗಾಬರಿಯಾಗಿ ಸುರೀತೈತಿ,
ಬರೇ ನೀರು, ನಿಲ್ಲೂದಿಲ್ಲ, ಹತ್ತೂದಿಲ್ಲ.
"ಅದನ್ನ ನೋಡಿ ಕಣ್ಣು ಹಸಿ ಐತಿ ಅನಕೋಬ್ಯಾಡ್ರಿ."

ಗದಗಿನ ಆಷಾಢದ ಗಾಳಿ ನಿಮಗ ಗೊತ್ತಿದ್ದರ ಗೊತ್ತು.
ಕಪ್ಪತಗುಡ್ಡದ ಗಾಳಿಕಂಬ ತಿರುವಿ ಮಿಕ್ಕದ್ದು
ಊರೊಳಗ ಬಂದು ಅಂಗಡಿ ಬೋರ್ಡು ಕೀಳತೈತಿ.
ಮುಳಗುಂದ ನಾಕಾದಾಗ ನಿಂತಿದ್ದೆ, ಎರಡೂ ಕಣ್ಣು ಧಾರಾಕಾರ.
ಚಹಾದಂಗಡಿಯಾಂವ "ಯಾರು ಹೋದ್ರು ಕಾಕಾ?" ಅಂದ.
ಬಾಳಿಹಣ್ಣಿನಾಕಿ ಒಂದು ಹಣ್ಣು ಸುಮ್ಮನ ಕೈಗಿಟ್ಟಳು.
ರಸ್ತೆದಾಚೆ ಸೈಕಲ್ ತಡದು ನಿಂತಾಂವ ದಾವಲಸಾಬ.
ಸ್ಟ್ಯಾಂಡ್ ಹಾಕಿದ. ಬಂದ.
"ಇಷ್ಟು ಮನಸಿಗೆ ಹಚಗೊಂಡೀಯೇನೋ," ಅಂದ.
"ಬಿಡು. ಮಾಮೂನ ನಕ್ಕುಬಿಟ್ಟಾನ ಅದಕ್ಕ.
ಆಕಿಗೆ ಕೂಸು ಹುಟ್ಟೇತಿ. ಹೆಸರಿಡೂ ಕಾರ್ಡು ಹೊಡಸಬೇಕು."
ಹೆಗಲ ಮ್ಯಾಲ ಕೈ ಇಟ್ಟ, ಸರಸು ಮೆತ್ತಿದ ಕೈ.

ಹೇಳಬಹುದಿತ್ತು:
ಇದು ಗಾಳಿ, ದಾವಲ. ನರ ಹರದಾವು.
ನಾಲಿಗಿ ತುದಿಗೆ ಬಂದಿತ್ತು, ತಿದ್ದೂದ ನನ್ನ ರೂಢಿ.
ಕೈ ಕಿಸೆದೊಳಗ ಬಾಟಲಿ ಹಿಡದಿತ್ತು.
ಹಿಡಕೊಂಡ ಇತ್ತು.

ನಿನ್ನೆ ಕರಡು ಬಂತು. ಹುಟ್ಟಿದ ತಾರೀಖು ೯.
ಹನಿ ಹಾಕ್ಕೊಂಡೆ, ಐದು ನಿಮಿಷ ಮುಚ್ಚಿಕೊಂಡು ಕೂತೆ.
ಓದಿದೆ. ಮತ್ತ ಓದಿದೆ.
ಆಮ್ಯಾಲ ಕಟಿಂಗ್ ಮಷೀನಿನ ಕಡೆ ತಿರುಗಿ ಕರದೆ:
ಬಾರೋ, ನೀನೊಮ್ಮೆ
ಬೆರಳಿಟ್ಟು ನೋಡು.