ಹಡಗು ಹತ್ತೂ ಮುಂಚೆ ಸೂಗಮ್ಮಗ

ಈ ಸಲ ಬೀಜದ ಕಂಪನಿ ಟಾರ್ಗೆಟ್ ಮುಟ್ಟಿದ್ದು ನಿಮ್ಮ ಅಂಗಡಿ,
ಸಿಂಧನೂರಿಗೆಲ್ಲ ಗೊತ್ತಾಗ್ಯಾದ.
ಮೂರು ರಾತ್ರಿ, ನಾಲ್ಕು ಹಗಲು, ಮುಂಬೈಲಿಂದ ಹಡಗು.
ಹೋದ ವರ್ಷ ಹೋಗಿ ಬಂದಾಕಿ ಅಂತ ನನ್ನ ಕೇಳ್ಲಾಕ ಬಂದಿ.
ಕೂಡು. ಚಾ ಆರೋದ್ರೊಳಗ ಹೇಳಿ ಮುಗಸ್ತೀನಿ.

ಮೊದ್ಲು ಊಟ.
ಒಂಬತ್ತನೇ ಅಂತಸ್ತಿನಾಗ ಪಾತ್ರಿ ಸಾಲು,
ನಮ್ಮ ಎಪಿಎಂಸಿ ಒಳಗ ಭತ್ತದ ರಾಶಿ ಹಾಕ್ತಾರಲ್ಲ, ಹಂಗ.
ಕಂಡದ್ದೆಲ್ಲ ಬಡಸ್ಕೋಬ್ಯಾಡ.
ಖಾಲಿ ತಾಟು ಹಿಡಕೊಂಡು ಒಂದು ಸುತ್ತು ಸುಮ್ನ ಅಡ್ಡಾಡು.
ಮಾಲು ನೋಡಿದ ಮ್ಯಾಲ ರೇಟು ಕೂಗೋದು, ನಿನಗೇನು ಹೇಳೋದು.
ನಾನು ಮೊದಲ್ನೇ ದಿನ ಅನ್ನದಾಗೇ ಹೊಟ್ಟಿ ತುಂಬಿಸ್ಕೊಂಡೆ.
ಸೋನಾ ಮಸೂರಿ ಊರಿನಾಕಿ
ಸಮುದ್ರತನಕ ಹೋಗಿ ಅನ್ನ ಉಂಡು ಬಂದಳು ಅಂತ
ನಮ್ಮವರು ಈಗ್ಲೂ ನಗ್ತಾರ.

ಕೆಳಗ ಇನ್ನೊಂದು ಊಟದ ಮನಿ ಅದ, ಕುಂತಲ್ಲೇ ಬಡಸ್ತಾರ.
ಅದಕ್ಕೂ ರೊಕ್ಕ ಇಲ್ಲ. ನಮಗ ಯಾರೂ ಹೇಳ್ಲಿಲ್ಲ.
ಶೇಂಗಾ ಚಟ್ನಿ ಒಂದು ಡಬ್ಬಿ ಬ್ಯಾಗಿನಾಗ ಇರ್ಲಿ,
ಕೇಳಿದ್ರ ಔಷಧ ಅನ್ನು. ಸುಳ್ಳೇನಲ್ಲ,
ಎರಡನೇ ರಾತ್ರಿ ಗೊತ್ತಾಗ್ತದ.

ಕೊರಳಿಗೆ ಒಂದು ಕಾರ್ಡ್ ಹಾಕ್ತಾರ, ಅದನ್ನ ನಂಬಬ್ಯಾಡ.
ಬಾಟ್ಲಿ ನೀರು, ಬಣ್ಣದ ಶರಬತ್ತು, ಫೋಟೋ,
ತೋರಿಸಿದಲ್ಲೆಲ್ಲ ಸದ್ದಿಲ್ದ ಉದ್ರಿ ಬರ್ಕೋತದ.
ಕೊನೀ ದಿನ ಬೆಳಕಾಗೂ ಮುಂಚೆ ಬಾಗಿಲ ಸಂದಿಲಿಂದ ಪಟ್ಟಿ ತೂರಸ್ತಾರ.
ಉದ್ರಿ ಕೊಟ್ಟು ಗೊತ್ತಿದ್ದ ಮಂದಿ ನಾವು,
ಉದ್ರಿಯಾಗಿ ಗೊತ್ತಿದ್ದಿಲ್ಲ.

ತಲಿ ತಿರುಗಿದ್ರ ಹಡಗಿನ ನಟ್ಟನಡುವ, ಕೆಳಗಿನ ಅಂತಸ್ತಿಗೆ ಬಾ,
ಶುಂಠಿ ಬಾಯಾಗಿಟ್ಟು ದೂರದ ಗೆರಿ ನೋಡು.
ಈಜುಕೊಳದ ಕಡಿ ಕುರ್ಚಿ ಬೇಕಂದ್ರ ಆರಕ್ಕ ಏಳು.
ಸೀರಿ ಉಟ್ಟು ಇಳೀಬ್ಯಾಡ್ರಿ ಅಂತ ಬೋರ್ಡ್ ಹಾಕ್ಯಾರ,
ಕಾಲು ಇಳಿಬಿಟ್ಟು ಕೂಡ್ಲಾಕ ಯಾವ ಬೋರ್ಡೂ ಇಲ್ಲ.

ಈಗ ಸ್ಪಾ. ನಗಬ್ಯಾಡ, ಹೋಗು.
ಎಲ್ಲರೂ ದಂಡಿಗೆ ಇಳಿದ ದಿನ ಹೋಗು, ಅವತ್ತು ಅರ್ಧ ರೇಟು.
ರೇಟು ಕೇಳಿ ಆಮ್ಯಾಲ ಚಪ್ಪಲಿ ಬಿಡು.
ಮುಗಿದ ಮ್ಯಾಲ ಎಣ್ಣಿ, ಕ್ರೀಮು ತೋರಸ್ತಾರ,
ನಿಮ್ಮ ಅಂಗಡಿಗೆ ಬರೋ ಸೇಲ್ಸ್ ಹುಡುಗರಿಗೆ ಏನಂತಿ, ಅದನ್ನೇ ಅನ್ನು.

ನನಗ ಸಿಕ್ಕಾಕಿ ಟುಂಪಾ, ಕಲ್ಕತ್ತಾ ಕಡಿಯಾಕಿ.
ಬೆನ್ನು ಒತ್ಕೋತ ಬಂದಳು. ಬಲಹೆಗಲ ಹಿಂದ ಒಂದು ಗಂಟು.
ಹೆಬ್ಬೆರಳು ಅಲ್ಲೇ ನಿಂತಿತು.
‘ಬ್ಯಥಾ?’ ಅಂದಳು.

ನೆನಪದ ಏನು, ನಮ್ಮಪ್ಪನ ಹೊಲಕ್ಕ ನಾಟಿ ಹಚ್ಲಾಕ
ಕ್ಯಾಂಪಿನ ಬಂಗಾಲಿ ಹೆಂಗಸರು ಬರ್ತಿದ್ರು.
ಅನಿಮಾ ಅಂತ ಒಬ್ಬಾಕಿ ಸಾಲು ಮುಗಿದಾಗೊಮ್ಮೆ
ಕೆಸರುಗೈ ಸೊಂಟಕ್ಕಿಟ್ಟು ನಿಂತು, ಬ್ಯಥಾ, ಅಂತಿದ್ದಳು.
ಹನ್ನೆರಡರಾಕಿ ನಾನು, ವ್ಯಥೆ ಅಂತ ಕೇಳಿಸ್ಕೊಂಡಿದ್ದೆ.
ಊರು ಬಿಟ್ಟು ಬಂದಾರ, ಇರಬಹುದು, ಅಂದ್ಕೊಂಡಿದ್ದೆ.
ಆಕಿಗೆ ನೋಯ್ತಿದ್ದದ್ದು ಸೊಂಟ.
ಅದೂ ಇರಬಹುದು ಬಿಡು, ಯಾರು ಕೇಳಿದ್ರು.

ಹಡಗಿನಾಗ ಬೋರಲ ಮಲಗಿದಾಕಿಗೆ
ಮತ್ತ ಅದೇ ತಪ್ಪು ಕೇಳಿಸ್ತು.
ಕಲ್ಲೆಕ್ಟಿಗಿಟ್ಟ ಖಾತಿ ಪುಸ್ತಕ, ಮೂವತ್ತು ವರ್ಷದ ಗಲ್ಲಾಪೆಟ್ಟಿಗಿ,
ಯಾವುದು ಅಂತ ಹೇಳಲಿ. ಹೂಂ ಅಂದೆ.
ಆಕಿ ಒತ್ತಲಿಲ್ಲ. ಸ್ವಲ್ಪ ಹೊತ್ತು
ಬೆಚ್ಚನ ಕೈ ಸುಮ್ನ ಇಟ್ಟಳು.
ಕೆಳಗ ಎಲ್ಲೋ ಯಂತ್ರ ಗುಂಯ್ ಅಂತಿತ್ತು.

ಆಕಿಗೆ ರೊಕ್ಕ ಕೈಯಾಗ ಕೊಡು, ಕಾರ್ಡಿನಾಗ ಅಲ್ಲ.
ಟುಂಪಾ ಇದ್ದಾಳ ಅಂತ ಕೇಳು. ಇಲ್ದಿದ್ರ ಇರ್ಲಿ.

ನೋಡು, ಚಾ ಆರೇ ಹೋತು.
ಇನ್ನೊಂದು ಮರೆತಿದ್ದೆ,
ಐಸ್‌ಕ್ರೀಮ್ ಮಿಷನ್ ರಾತ್ರಿ ಹತ್ತಕ್ಕ ಬಂದ್ ಮಾಡ್ತಾರ.
ಒಂಬತ್ತೂವರಿಗೇ ಹೋಗಿ ನಿಂದ್ರು.