ಗುರುವಾರ, ಹನ್ನೊಂದನೇ ಖೋಲಿ

ಸೊಲ್ಲಾಪುರದ ದೊಡ್ಡ ದವಾಖಾನಿ,
ಹಿಂದಿನ ಕಟ್ಟಡ, ಹನ್ನೊಂದನೇ ಖೋಲಿ.
ಗೋಲಾಗಿ ಇಟ್ಟ ಎಂಟು ಕುರ್ಚಿ,
ಒಂದರ ಕಾಲು ಗಿಡ್ಡ.
ಹೊಸಾ ಗುಳಿಗಿ ಇಲ್ಲ, ಸೂಜಿ ಇಲ್ಲ,
ಹಳೀ ಪಂಪು ಹಂಗಽ ಇರಲಿ,
ಇಲ್ಲಿ ಬರೇ ಮಾತಾಡಬೇಕು, ಅಂದ್ರು ಡಾಕ್ಟರಬಾಯಾರು.

ಒಂದು ಮಾತು ಮುಗಿಸಲಿಕ್ಕೆ
ನಡುವ ಎರಡು ಸಲ ನಿಲ್ಲೂ ಮಂದಿಗೆ
ಮಾತಽ ಔಷಧ!
ತೂತಿನ ಕೊಡಕ್ಕ ಹೇಳಿದಂಗ,
ಹೋಗು, ನೀರು ತುಂಬಿಕೊಂಡು ಬಾ.

ಮೊದಲ ತಲಿ ನೋಡಿದ್ರು.
ಬಿಳೀ ಸುರಂಗದಾಗ ಮಲಗಿಸಿ
ಅಲುಗಬ್ಯಾಡ್ರಿ, ಸಪ್ಪಳಕ್ಕ ಅಂಜಬ್ಯಾಡ್ರಿ ಅಂದ್ರು.
ಖಟಕ್ ಖಟಕ್ ಖಟಕ್ ಖಟಕ್.
ಅಲ್ರೀ, ಮೂವತ್ತೊಂದು ವರ್ಷ
ಟಾವೆಲ್ ಕಾರಖಾನ್ಯಾಗ ನಾಕು ಮಗ್ಗದ ನಡುವ ನಿಂತಾಕಿ ನಾ,
ಜೋಗುಳ ಹಾಡಿ ಅಂಜಬ್ಯಾಡ ಅಂತಾರ.
ನಿದ್ದಿ ಹತ್ತಿತು.
ಎಬ್ಬಿಸಿ ಬೈದ್ರು: ಎಚ್ಚರ ಇರಬೇಕು ರೀ ಗುರುಬಾಯಿ,
ಎಚ್ಚರಿದ್ದ ತಲೀನಽ ನಮಗ ಬೇಕು.

ಎದಿಯಾಗಿನ ರೋಗಕ್ಕ ತಲಿ ಯಾಕ ನೋಡ್ತೀರಿ?
ಕೇಳಿದಾಂವ ಲಾಡ್ಲೆಸಾಬ, ರಿಕ್ಷಾದಾಂವ.
ಡಾಕ್ಟರಬಾಯಾರು ತಿರುಗಿ ಕೇಳಿದ್ರು:
ಅಂಜಿಕಿ ಮೊದಲ ಬರ್ತದೋ, ದಮ್ಮು ಮೊದಲ ಬರ್ತದೋ?
ಯಾರಿಗೂ ಹೇಳಲಿಕ್ಕಾಗಲಿಲ್ಲ.
ಎರಡೂ ಒಂದಽ ಬಾಗಿಲಾಗ ಕೂಡೇ ನುಗ್ಗತಾವ,
ಯಾರ ಕಾಲು ಮೊದಲ ಒಳಗ ಬಿತ್ತಂತ
ನೋಡೂ ಪುರುಸೊತ್ತು ಯಾರಿಗದ?

ಬಾಲಮಣಿ ಬೀಡಿ ಕಟ್ಟತಾಳ.
ಅರ್ಧ ಮರಾಠಿ, ಕಾಲು ಕನ್ನಡ, ಉಳದದ್ದು ತೆಲುಗು.
ದಮ್ಮು ಕಟ್ಟಿದಾಗ ಬೀಡಿ ಎಣಿಸಿದಂಗ ಎಣಸ್ತೀನಿ ಅಂದಳು,
ಇಪ್ಪತ್ತೈದಕ್ಕ ಒಂದು ಕಟ್ಟು.
ಕಟ್ಟು ತುಂಬೂದ್ರಾಗ ಉಸುರು ಬಂದಿರ್ತದ,
ಬರದಿದ್ರ ಇನ್ನೊಂದು ಕಟ್ಟು.

ಅಂಬೂಬಾಯಿ ಆರು ಗುರುವಾರ ಬರೇ ಕೆಮ್ಮಿದಳು.
ಏಳನೇದಕ್ಕ, ಸೆರಗಿನ ತುದಿ ನೋಡ್ಕೋತ:
"ಪಂಪು ಅಕ್ಕೀ ಡಬ್ಬ್ಯಾಗ ಮುಚ್ಚಿಡ್ತೀನಿ.
ಸೊಸಿ ಬಸುರಿ. ನೋಡಿದ್ರ
ಹುಟ್ಟೂ ಕೂಸಿಗೆ ನನ್ನ ದಮ್ಮು ಬರ್ತದಂತ ಅಂಜತಾಳ.
ಅಕ್ಕಿ ಕೆದರಿ ಪಂಪು ಸಿಗೂದ್ರಾಗ
ಮೂರು ಸಲ ಸತ್ತು ಬರ್ತೀನಿ."

ಫ್ಯಾನು ಕಿರಗುಡತಿತ್ತು.
ಲಾಡ್ಲೆಸಾಬ ಎದ್ದು ಹೋಗಿ ಬಂದ್ ಮಾಡಿದ.
ಯಾಕಂತ ಯಾರೂ ಕೇಳಲಿಲ್ಲ.
ಆವತ್ತು ಏಳೂ ಎದಿಯ ಸೀಟಿ
ಬ್ಯಾರೆ ಬ್ಯಾರೆ ಕೇಳಿಸಿದ್ವು.

ಹನ್ನೆರಡು ಗುರುವಾರ ಮುಗದ ಮ್ಯಾಲ ಮತ್ತ ಸುರಂಗ.
ಈ ಸಲ ನಿದ್ದಿ ಮಾಡಲಿಲ್ಲ.
ಆಮ್ಯಾಲ ಒಂದು ಚಿತ್ರ ತೋರಿಸಿದ್ರು:
ಕರೀ ತಲಿ, ಅದರಾಗ ಚುಕ್ಕಿ,
ಚುಕ್ಕಿಯಿಂದ ಚುಕ್ಕಿಗೆ ಗೆರಿ.
ಇದು ಅಂಜಿಕೀ ಮನಿ.
ಇದು ಒಳಗಿನ ಉಸುರು ಕೇಳಿಸಿಕೊಳ್ಳೂ ಮನಿ.
ಮೊದಲ ಇಬ್ಬರೂ ಹಗಲೂ ರಾತ್ರಿ ಒದರಾಡ್ತಿದ್ರು,
ಈಗ ನಡುವ ಒಬ್ಬಾಕಿ ಹಿರ್ಯಾಕಿ ಬಂದು ಕುಂತಾಳ.
"ನೂಲಿನಂಗ ತಿಳೀರಿ, ಗುರುಬಾಯಿ."

ನೂಲು ನನಗ ಹೇಳ್ತಾರ!
ನೂಲು ಹರದ್ರ ಮಗ್ಗ ನಿಲ್ತದ, ನಾ ಗಂಟು ಹಾಕ್ತೀನಿ,
ಗಂಟು ಆಮ್ಯಾಲ ಬಟ್ಟಿಯಾಗ ಕೈಗೆ ಹತ್ತತದ.
ಇಲ್ಲಿ ಮಗ್ಗ ನಿಂತಿಲ್ಲ, ಗಂಟು ಯಾರೂ ಹಾಕಿಲ್ಲ,
ಕೈ ಸವರಿ ನೋಡೂನಂದ್ರ ತಲಿ ಒಳಗ ಅದ.

ಇದು ಯಾರ ತಲಿ? ನಂದೋ, ಅಂಬೂಬಾಯಿದೋ?
"ಯಾರದೂ ಅಲ್ಲ. ಎಲ್ಲಾರದೂ ಕೂಡಿಸಿ ಭಾಗಿಸಿದ್ದು."
ಲಾಡ್ಲೆಸಾಬಂದು?
"ಅವರು ಒಂಬತ್ತನೇ ವಾರದಿಂದ ಬರಲಿಲ್ಲ.
ಅರ್ಧಕ್ಕ ಬಿಟ್ಟವರನ್ನ ಲೆಕ್ಕಕ್ಕ ಹಿಡಿಯೂದಿಲ್ಲ."
ನಾ ಫ್ಯಾನಿನ ಗುಂಡಿ ನೋಡಿದೆ.

ಹ್ವಾದ ಮಂಗಳವಾರ, ರಾತ್ರಿ ಪಾಳಿ,
ಮೂರಕ್ಕ ಎದಿ ಬಿಗೀತು.
ಹತ್ತೀ ಧೂಳು ದೀಪದ ಸುತ್ತ ಹಾರಾಡತಿತ್ತು.
ದಮ್ಮು ಹೋಗಿಲ್ಲ ರೀ, ಹೋಗೂದೂ ಇಲ್ಲ.
ಪಂಪು ಎಲ್ಲಾರಿಗೂ ಕಾಣೂ ಹಂಗ
ಮಗ್ಗದ ಮ್ಯಾಲ ಇಟ್ಟಿದ್ದೆ.
ಎರಡು ಸಲ ಒತ್ತಿ, ಗೋಡಿಗೆ ಆತು ನಿಂತೆ.
ಅಂಜಿಕಿ ಬಾಗಿಲಿಗೆ ಬಂದಿತ್ತು.
ಈ ಸಲ ಅದರ ಕಾಲು ನೋಡಲಿಕ್ಕೆ
ಪುರುಸೊತ್ತಿತ್ತು ನನಗ.

ತೆಲುಗು ನನಗ ಬರೂದಿಲ್ಲ.
ಒಕಟಿ, ರೆಂಡು, ಮೂಡು, ನಾಲುಗು…
ಹನ್ನೊಂದರ ಮುಂದ ಗೊತ್ತಿಲ್ಲ,
ಮತ್ತ ಒಕಟಿಯಿಂದ.